ಮುಟ್ಟಬಾರದ ಹೊರಿಗಲ್ಲು

ಬೋರ್ಡ ಓದೂದಿದ್ರ ಓದ್ರಿ, ಫೋಟೋ ಹೊಡ್ಕೋಳೂದಿದ್ರ ಹೊಡ್ಕೋರಿ, ನಾ ಬ್ಯಾಡ ಅನ್ನಂಗಿಲ್ಲ. ಖರೆ ನನ್ನ ಮುಂದ ಮಾತ್ರ ಆ ರಾಣಿ ಸುದ್ದಿ ತಗೀಬ್ಯಾಡ್ರಿ. ಯಾವ ರಾಣಿ? ಎಲ್ಲಿ ರಾಣಿ? ಸಾಲಹಳ್ಳಿಯಿಂದ ರಾಮದುರ್ಗಕ್ಕ ಹೋಗೂ ರಸ್ತೇದಾಗ, ಹುಣಸಿ ಗಿಡದ ತಿರುವಿನ್ಯಾಗ ನಿಂತಿರೂ ಆ ಹೊರಿಗಲ್ಲು ನನ್ನ ಮಗಳು ಉಮಾಶ್ರೀದು. ನಾ ಮಾಯವ್ವ, ಆಕಿ ಹಡದವ್ವ. ಇದು ನಿಮ್ಮ ಹೊಟ್ಟ್ಯಾಗ ಇರಲಿ, ಸರಕಾರದವರ ಕಿವಿಗೆ ಬೀಳಬಾರದು.

ತೊಂಬತ್ಮೂರನೇ ಇಸವಿ. ಚೊಚ್ಚಲ ಹೆರಿಗಿಗೆ ಅಂತ ತವರಮನಿಗೆ ಕರಕೊಂಡ ಬಂದಿದ್ದೆ. ತಿಂಗಳು ತುಂಬೂಕಿಂತ ಮೊದಲ ಬ್ಯಾನಿ ಎದ್ವು. ಸೂಲಗಿತ್ತಿ ಕೈ ಚೆಲ್ಲಿದ್ಲು. ಚಕ್ಕಡಿ ಹೂಡಿ ರಾಮದುರ್ಗದ ದವಾಖಾನಿಗೆ ಹೊಂಟ್ವಿ. ನಮ್ಮ ಮನಿಯವರು ಎತ್ತ ಹೊಡೀತಿದ್ರು, ಆಕಿ ತಲಿ ನನ್ನ ತೊಡಿ ಮ್ಯಾಲಿತ್ತು. "ಯವ್ವಾ, ಭಾಳ ಭಾರ ಆಗೇತಿ, ಇಳಸಬೇ" ಅಂದ್ಲು. "ಇನ್ನೇನ ಬಂತು, ತಡಿ ನನ್ನವ್ವ" ಅಂದೆ. ಹುಣಸಿ ಗಿಡದ ತಿರುವಿಗೆ ಬರೂದ್ರಾಗ ಸುಮ್ಮನಾದ್ಲು. ಕೂಸು ಒಳಗ ಉಳೀತು.

ಹೊಟ್ಟೀಲೆ ಇದ್ದಾಕಿ ಹಂಗ ಹೋದ್ರ ಆ ಭಾರ ಆಕಿ ಮ್ಯಾಲ ಉಳದ ಬಿಡತೈತಿ ಅಂತ ನಮ್ಮವ್ವ ಹೇಳ್ತಿದ್ಲು. ಅದಕ್ಕ ಹಾದಿ ಮ್ಯಾಲ ಆಕಿ ಹೆಸರಲೆ ಹೊರಿಗಲ್ಲು ನಿಲ್ಲಸಬೇಕು. ತಲಿ ಮ್ಯಾಲ ಹೊರಿ ಹೊತ್ತ ಬಂದವರು ಯಾರ ಆಸರನೂ ಇಲ್ದ ಅದರ ಮ್ಯಾಲ ಹೊರಿ ಜಾರಿಸಿ, ದಮ್ಮ ತಗೊಂಡು, ಮತ್ತ ತಲಿ ಕೊಟ್ಟು ಎತ್ತಕೊಂಡು ಹೋಗ್ತಾರ. ಒಬ್ಬೊಬ್ಬರ ಹೊರಿ ಇಳದಂಗ ಸತ್ತಾಕಿದೂ ಇಷ್ಟಿಷ್ಟ ಇಳೀತೈತಿ. ನಗ್ತೀರೇನು? ನಗ್ರಿ. ನನಗ ಅದನ್ನ ಬಿಟ್ರ ಬ್ಯಾರೆ ಏನೂ ಉಳದಿರಲಿಲ್ಲ.

ನಮ್ಮೂರ ಗೌಂಡಿ ಚಮನಸಾಬ ನನಗ ಅಣ್ಣನಂಗ. ಬಿದ್ದ ಹೋಗಿದ್ದ ಹಳೇ ವಾಡೇದ ಬಾಗಲಾ ಚೌಕಟ್ಟಿನ ಕಲ್ಲು ಹೇರಕೊಂಡ ಬಂದ. ಎರಡು ಕಲ್ಲು ನಿಲ್ಲಿಸಿ, ಬಳ್ಳಿ ಹೂವು ಕೆತ್ತಿದ್ದ ಉದ್ದನ ಕಲ್ಲನ್ನ ಮ್ಯಾಲ ಅಡ್ಡ ಮಲಗಿಸಿದ. "ಹುಡುಗಿಗೆ ಹೂವಿಂದ ಇರಲಿ ತಂಗಿ" ಅಂದ. ಹೆಸರು ಕೆತ್ತಸಲಿಲ್ಲ. ಊರಿಗೆಲ್ಲಾ ಗೊತ್ತಿತ್ತು, ಯಾಕ ಬೇಕು?

ಜ್ವಾಳದ ಕಣಿಕಿ, ಕಟಗಿ, ಸಂತಿ ಬುಟ್ಟಿ, ಏನೇನ ಇಳೀಲಿಲ್ಲ ಆ ಕಲ್ಲಿನ ಮ್ಯಾಲ! ಹೆಣ್ಮಕ್ಕಳು ಹೊರಿ ಇಳಿಸಿ, ಸೆರಗಲೆ ಬೆವರ ಒರಸಿ, "ಉಮಾಶ್ರೀ, ನಿನ್ನ ಹೊಟ್ಟಿ ತಣ್ಣಗಿರಲಿ" ಅಂತಿದ್ರು. ಅದನ್ನ ಕೇಳಿದ ದಿನ ನನಗ ರೊಟ್ಟಿ ರುಚಿ ಹತ್ತತಿತ್ತು. ಮುಂದ ಅಳಿಯ ಬ್ಯಾರೆ ಲಗ್ನ ಆದ, ನಮ್ಮ ಮನಿಯವರು ತೀರಕೊಂಡ್ರು. ಆಕಿ ಹೆಸರ ಹಿಡದ ಕರಿಯೂ ಜಾಗಾ ಅದೊಂದ ಉಳೀತು.

ಎರಡ ಸಾವಿರದ ನಾಕರಾಗ ರಸ್ತೆ ಅಗಲ ಮಾಡಾಕ ಬಂದ್ರು. ಕಲ್ಲಿಗೆ ಕೆಂಪ ಬಣ್ಣ ಬಡದ್ರು. ನಾ ಹೋಗಿ ಅಡ್ಡ ಕುಂತೆ. "ನನ್ನ ಮ್ಯಾಲ ಹಾಸ್ರಿ ನಿಮ್ಮ ಡಾಂಬರ" ಅಂದೆ. ರಸ್ತೆ ಸಾಹೇಬ ಸಣ್ಣ ವಯಸ್ಸಿನಾಂವ, ಕೆಟ್ಟಾಂವ ಏನಲ್ಲ. "ಅಜ್ಜಿ, ಯಾರದೋ ಮನೀದವರ ಕಲ್ಲಿದ್ರ ತಗೀಲೇಬೇಕ್ರಿ. ಹಳೇ ಕಾಲದ್ದಿದ್ರ ಮಾತ್ರ ರಸ್ತೆ ಆ ಕಡೆ ಸರಸಾಕ ಬರತೈತಿ" ಅಂದ.

ಅಷ್ಟ್ರಾಗ ನಿಜಗುಣಪ್ಪ ಮಾಸ್ತರ ಬಂದ್ರು. ನಮ್ಮ ಸಾಲಿಗೆ ಹೊಸದಾಗಿ ಬಂದಾವ್ರು, ಹಳೇ ಕಲ್ಲು ಕಂಡ್ರ ಊಟ ಮರೀತಿದ್ರು. ಬಳ್ಳಿ ಮ್ಯಾಲ ಕೈ ಆಡಿಸಿ, "ಸಾಹೇಬ್ರ, ಇದು ನೂರಾರು ವರ್ಷದ್ದು! ಯಾರೋ ರಾಣಿ ನಿಲ್ಲಿಸಿರಬೇಕು" ಅಂದ್ರು. ಸಾಹೇಬ ನಮ್ಮ ಮಂದಿ ಕಡೆ ತಿರುಗಿ, "ಹೌದೇನ್ರಿ? ಯಾರಿಗರ ಗೊತ್ತೈತಿ?" ಅಂತ ಕೇಳಿದ.

ಚಮನಸಾಬಣ್ಣ ಬಾಯಿ ತಗದ. "ಇಲ್ರಿ ಸಾಹೇಬ್ರ, ಈ ಕಲ್ಲು ನಾ..."

ಗಪ್ಪನ ಅವನ ಕೈ ಹಿಡದೆ. ಮಗಳ ಹೆಸರು ಹೇಳಿದ್ರ ಕಲ್ಲು ಹೋಗ್ತೈತಿ. ಕಲ್ಲು ಉಳೀಬೇಕಂದ್ರ ಹೆಸರು ಹೋಗಬೇಕು. ಹೆಸರ ನಾ ಎದಿಯಾಗ ಇಟಕೋತೇನಿ, ಹೊರಿ ಇಳಸಾಕ ಕಲ್ಲ ಬೇಕಲ್ಲ!

"ಹೌದ್ರಿ, ಹಳೇದು" ಅಂದೆ. "ನಮ್ಮ ಮುತ್ಯಾನ ಕಾಲದಾಗೂ ಇತ್ತಂತ."

ಊರ ಮಂದಿ ತಲಿ ಕೆಳಗ ಹಾಕಿ ನಿಂತ್ರು. ಚಮನಸಾಬಣ್ಣ ಟವಲ್ಲಿನ್ಯಾಗ ಮಾರಿ ಮುಚ್ಚಕೊಂಡ.

ರಸ್ತೆ ಸರೀತು, ಕಲ್ಲು ಉಳೀತು. ಗೆದ್ದೆ ಅನಕೊಂಡೆ, ಹುಚ್ಚಿ ನಾನು. ಒಂದ ದಿನ ನೋಡತೇನಿ, ಕಲ್ಲಿನ ಸುತ್ತ ಎದಿಮಟ ಕಬ್ಬಿಣದ ಗ್ರಿಲ್, ಅದಕ್ಕೊಂದು ಕೀಲಿ, ಮುಂದ ನೀಲಿ ಬೋರ್ಡ. ಮಾಸ್ತರ ಖುಷೀಲೆ ಓದಿ ಹೇಳಿದ್ರು: "ಪ್ರಾಚೀನ ಹೊರೆಗಲ್ಲು. ರಾಣಿಯೊಬ್ಬರು ದಾರಿಹೋಕರ ಅನುಕೂಲಕ್ಕಾಗಿ ನಿಲ್ಲಿಸಿದ್ದು. ಯಾರೂ ಮುಟ್ಟಬಾರದು."

"ಮತ್ತ ಹೊರಿ?" ಅಂದೆ.

"ಇನ್ನ ಯಾರೂ ಇಡಂಗಿಲ್ರಿ ಮಾಯವ್ವ. ಹೊರಿ ಇಟ್ಟು ಇಟ್ಟು ಕಲ್ಲು ಸವದ ಹೋಗ್ತೈತಿ." ಪಾಪ, ನನಗ ಸಂತೋಷ ಆಗತೈತಿ ಅಂತ ತಿಳಕೊಂಡಿದ್ರು.

ಖರೇ ಹೇಳಿದ್ರ ಕಲ್ಲ ಕಿತ್ತ ಒಗೀತಾರ. ಹೇಳದಿದ್ರ ಹೊರಿ ಇಳಿಯೂದಿಲ್ಲ. ನನ್ನ ಬಾಯೀನ ನನ್ನ ಮಗಳನ್ನ ಕೀಲಿ ಹಾಕಿ ಕೂಡಸ್ತು.

ನಿನ್ನೆ ಮಧ್ಯಾಹ್ನ ಕಣಿಕಿ ಹೊರಿ ಹೊತ್ತ ಬರಾಕ ಹತ್ತಿದ್ದೆ. ತಿರುವಿನ್ಯಾಗ ಕಾಲು ತಾವ ನಿಂತ್ವು. ಯಲ್ಲಮ್ಮನ ಗುಡ್ಡಕ್ಕ ಹೊಂಟ ಮಂದಿ ಜೀಪ ನಿಲ್ಲಿಸಿ ಬೋರ್ಡ ಓದಾಕ ಹತ್ತಿದ್ರು. ಅದರಾಗ ಒಬ್ಬಾಕಿ ತುಂಬಿದ ಬಸರಿ, ನಮ್ಮ ಉಮಾಶ್ರೀ ಹೋದಾಗಿನ ವಯಸ್ಸಿನಾಕಿ.

"ಅಜ್ಜಿ, ಬೋರ್ಡಿನ್ಯಾಗ ರಾಣಿ ಹೆಸರಿಲ್ಲಲ್ರಿ, ಏನಂತ ಆಕಿ ಹೆಸರು?" ಅಂದ್ಲು.

ನಾಲಗಿ ತುದಿಗೆ ಬಂತು. ನುಂಗಿದೆ.

"ಗೊತ್ತಿಲ್ಲವ್ವ" ಅಂದೆ. "ನಿನ್ನ ಹೊಟ್ಟಿ ತಣ್ಣಗಿರಲಿ. ಹುಷಾರ ಹೋಗು."

ಜೀಪ ಹೋತು. ಕುತ್ತಿಗಿ ಮುರಿಯೂವಂಗ ಆಗಿತ್ತು, ಇಳಿಸೂನು ಅಂದ್ರ ಗ್ರಿಲ್ ಅಡ್ಡ. ಹಂಗ ಹೊತಗೊಂಡ ಮನಿಗೆ ಬಂದೆ. ನನ್ನ ಹೊರಿ ಅಂಗಳದಾಗ ಇಳೀತು. ಉಮಾಶ್ರೀದು ಇನ್ನೂ ಇಳದಿಲ್ಲ.