ಶಿಖರದ ಮೇಲಿನ ಚಾ

೧೯೯೯ರ ಯುದ್ಧದಲ್ಲಿ ಶತ್ರುಗಳಿಂದ ಒಂದು ಶಿಖರವನ್ನು ಬಿಡಿಸಿಕೊಂಡದ್ದಕ್ಕೆ ಮೇಜರ್ ಗುರುಚರಣನಿಗೆ ವೀರಚಕ್ರ ಬಂತು. ಮರುವರ್ಷ ರಜೆಯಲ್ಲಿ ಪೂರ್ವ ಕರಾವಳಿಯ ಅಡ್ಯಾರಿನ ಮನೆಗೆ ಬಂದಾಗ ಅವನನ್ನು ನೋಡಲು ಜನವೋ ಜನ. ಆ ದಿನ ಏನಾಯಿತೆಂದು ಯಾರು ಕೇಳಿದರೂ ನಕ್ಕು ಸುಮ್ಮನಾಗುತ್ತಿದ್ದ. ಮಧ್ಯಾಹ್ನ ಕಣ್ಣು ಮುಚ್ಚಿದರೆ ಫ್ಯಾನಿನ ಗಾಳಿ ಹಿಮಗಾಳಿಯಾಗಿ, ಗೋಡೆಗಳು ಮೆಲ್ಲನೆ ಬಿಳುಪೇರಿ, ಮನೆಯೇ ಮೇಲಕ್ಕೆ ತೇಲಿದಂತಾಗುತ್ತಿತ್ತು.

"ನಂಗಾದ್ರೂ ಹೇಳಬಾರ್ದೇನೋ ಕಣ್ಣಾ?" ಎಂದರು ತಾಯಿ ಜಯಲಕ್ಷ್ಮೀ.

"ಹೇಳೋಕೆ ಏನೂ ಇಲ್ಲಮ್ಮಾ."

ಅಷ್ಟರಲ್ಲಿ ಐತಪ್ಪ ಹತ್ತಿರದ ತಾಂಬರಂನಲ್ಲಿದ್ದಾನೆಂದು ತಿಳಿಯಿತು. ಸುಳ್ಯದ ಕಡೆಯ ಈ ಹವಲ್ದಾರ ಅದೇ ಶಿಖರ ಹತ್ತುವಾಗ, ಅರ್ಧದಲ್ಲಿ ಗ್ರೆನೇಡು ಸಿಡಿದು ಕಣ್ಣು ಕಳೆದುಕೊಂಡಿದ್ದ. ಈಗ ಚಿಕಿತ್ಸೆಗೆ ಬಂದು ಅಕ್ಕ ಅಂಬುಜಾಳ ಮನೆಯಲ್ಲಿದ್ದ. ಗುರುಚರಣ ಅಲ್ಲಿಗೆ ಹೋಗಿ, ಅವನ ಕೈಹಿಡಿದು ಸಮುದ್ರದ ದಂಡೆಗೆ ಕರೆತಂದ.

ಬೆನ್ನ ಹಿಂದೆ ಸೂರ್ಯ ಇಳಿಯುತ್ತಿದ್ದ. ಎದುರಿಗೆ ನೀರು ಎಲ್ಲಿ ಮುಗಿದು ಆಕಾಶ ಎಲ್ಲಿ ಶುರುವಾಗುತ್ತದೆಂದು ತಿಳಿಯುತ್ತಿರಲಿಲ್ಲ.

"ಸಾಬ್, ಒಂದು ಕೇಳ್ಲಾ?" ಎಂದ ಐತಪ್ಪ. "ಮೇಲೆ ಹೇಗಿತ್ತು? ನನಗೆ ನೋಡ್ಲಿಕ್ಕೆ ಆಗ್ಲಿಲ್ಲ ಅಲ್ವಾ."

ಗುರುಚರಣ ಅವನನ್ನು ಮರಳಿನ ಮೇಲೆ ಕೂರಿಸಿ, ತಾನೂ ಪಕ್ಕದಲ್ಲಿ ಕುಳಿತ.

"ಬೆಳಗಾಗ್ತಿತ್ತು. ಕೆಳಗೆ ಬರೀ ಮೋಡ, ಹಾಲು ಉಕ್ಕಿ ನಿಂತ ಹಾಗೆ. ಅದರ ಮೇಲೆ ನಡ್ಕೊಂಡೇ ಊರಿಗೆ ಹೋಗ್ಬಹುದು ಅನ್ನಿಸ್ತು. ಅವರ ಬಂಕರ್‌ನಲ್ಲಿ ಸ್ಟವ್ ಇನ್ನೂ ಉರೀತಿತ್ತು. ಚಾ ಇಟ್ಟಿದ್ರು. ಇಟ್ಟವನು ಪಕ್ಕದಲ್ಲೇ ಬಿದ್ದಿದ್ದ. ನನ್ನ ವಯಸ್ಸಿನವನೇ. ಹೊಡೆದದ್ದು ನಾನೇ."

ಅಲೆಯೊಂದು ಬಂದು ಇಬ್ಬರ ಪಾದ ನೆನೆಸಿತು.

"ಚಳಿಗೆ ನಡುಗ್ತಿದ್ದೆ ಐತಪ್ಪ. ಆ ಚಾ ಕುಡಿದೆ."

"ಬಿಸಿ ಇತ್ತಾ?"

"ಇತ್ತು."

"ಸಕ್ಕರೆ?"

"ತುಂಬಾ. ನಮ್ಮಮ್ಮ ಹಾಕೋ ಹಾಗೆ." ಯುದ್ಧ ಮುಗಿದ ಮೇಲೆ ಮೊದಲ ಬಾರಿಗೆ ಗುರುಚರಣ ಅತ್ತ.

ಐತಪ್ಪ ತಡಕಾಡಿ ಅವನ ಭುಜ ಹಿಡಿದ. "ಕುಡಿದದ್ದು ಒಳ್ಳೇದಾಯ್ತು ಸಾಬ್. ಪಾಪ, ಅವ ಮಾಡಿದ್ದು ಹಾಳಾಗ್ಲಿಲ್ಲ."

ರಜೆ ಮುಗಿಯುವವರೆಗೂ ಇಬ್ಬರೂ ಸಂಜೆಗಳಲ್ಲಿ ದಂಡೆಗೆ ಬರುತ್ತಿದ್ದರು. ಐತಪ್ಪನಿಗೆ ದೃಷ್ಟಿ ಮರಳಲಿಲ್ಲ. ಆದರೆ ಸದ್ದಿನಿಂದಲೇ ಅಲೆ ಎಷ್ಟು ದೂರವಿದೆಯೆಂದು ಹೇಳಲು ಕಲಿತ. ಕಡೆಕಡೆಗೆ ಗುರುಚರಣನ ಕೈ ಬಿಟ್ಟು, ಒಬ್ಬನೇ ಮೊಣಕಾಲುದ್ದ ನೀರಿಗಿಳಿದು ನಿಲ್ಲುತ್ತಿದ್ದ.