ಅಮ್ಮನ ತಳಿ

ಲ್ಯಾಬಿನವರು ಅವಳಿಗಿಟ್ಟ ಹೆಸರು ಚರಂಡಿರಾಣಿ. ಆಸ್ಪತ್ರೆಯ ಮೋರಿನೀರು ತಂದು, ಅದರಲ್ಲಿ ಬ್ಯಾಕ್ಟೀರಿಯಾವನ್ನು ಕೊಲ್ಲುವ ವೈರಸ್ಸು ಹುಡುಕುವುದು ಅವಳ ಸಂಶೋಧನೆ. ಯಾವ ಔಷಧಿಗೂ ಜಗ್ಗದ ಒಂದು ಬ್ಯಾಕ್ಟೀರಿಯಾ ಅವಳ ಅಮ್ಮನ ಎದೆಯಲ್ಲಿ ಬೇರುಬಿಟ್ಟು ಜೀವ ತೆಗೆದಿತ್ತು. ಅಮ್ಮನ ಕಫದಿಂದ ತೆಗೆದ ಆ ತಳಿ ಒಂದೇ ಒಂದು ಪುಟ್ಟ ಸೀಸೆಯಲ್ಲಿ, ಫ್ರೀಜರಿನಲ್ಲಿತ್ತು.

ಸೀಸೆ ಮುಟ್ಟಿದರೆ ಎಲ್ಲಿ ಮುಗಿದೀತೋ ಎಂಬ ಭಯ ಅವಳಿಗೆ. ಒಮ್ಮೆ ತೆಗೆದದ್ದನ್ನೇ ವಾರವಾರವೂ ಹಳೆಯ ಪ್ಲೇಟಿನಿಂದ, ಆಹಾರ ಹಾಕಿದ ಹೊಸ ಪ್ಲೇಟಿಗೆ ದಾಟಿಸಿ ಸಾಕುತ್ತಿದ್ದಳು. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ. ಈ ಪುಣ್ಯಾತ್ಗಿತ್ತಿಗೆ ಹೆತ್ತವಳನ್ನು ಕೊಂದದ್ದೇ ಮುದ್ದು! ಆದರೆ ಬೈಯಲು ಬಾಯಿ ಬರುವುದಿಲ್ಲ. ಅಮ್ಮನ ಮೈಯಿಂದ ಬಂದು ಜೀವಂತ ಉಳಿದದ್ದು, ಅವಳನ್ನು ಬಿಟ್ಟರೆ ಅದೊಂದೇ.

ಮೂರು ವರ್ಷ ಯಾವ ವೈರಸ್ಸೂ ಅದನ್ನು ಕೊಲ್ಲಲಿಲ್ಲ. ಕೊನೆಗೊಂದು ದಿನ ಅವಳ ಸಂಶೋಧನೆಗೆ ಮಾರ್ಗದರ್ಶಕರಾದ ಮೇಷ್ಟ್ರು ಪ್ಲೇಟನ್ನು ಬೆಳಕಿಗೆ ಹಿಡಿದರು.

“ಏನಮ್ಮಾ, ಇದರ ಹಸಿರು ಬಣ್ಣ ಎಲ್ಲಿ? ದ್ರಾಕ್ಷಿ ವಾಸನೇನೂ ಇಲ್ವಲ್ಲ!”

“ಸೀಸೆ ಮುಟ್ಟಿಲ್ಲ ಸರ್. ಪ್ಲೇಟಿಂದ ಪ್ಲೇಟಿಗೇ ದಾಟಿಸ್ತಿದ್ದೀನಿ.”

“ಯಾವಾಗಿಂದ?”

“ಅಮ್ಮ ಹೋದಾಗಿಂದ.”

ಮೇಷ್ಟ್ರು ಬೈಗುಳವನ್ನು ನುಂಗಿಕೊಂಡರು. “ಕೂತಲ್ಲೇ ಊಟ ಸಿಕ್ಕಿ ಸಿಕ್ಕಿ ಇದರ ಜಾತಕಾನೇ ಬದಲಾಗಿದೆ, ವೈರಸ್ಸು ಹಿಡಿಯೋ ಗುರುತೂ ಹೋಗಿರಬೇಕು. ನಿಮ್ಮಮ್ಮನ ಎದೇಲಿದ್ದದ್ದು ಇದಲ್ಲ ಕಣಮ್ಮಾ. ಸೀಸೆ ತೆಗಿ. ಕೆಲಸಕ್ಕೆ ಬಾರದು ಅಂತ ಬಿಟ್ಟಿದ್ದ ವೈರಸ್ಸನ್ನೆಲ್ಲ ಮತ್ತೆ ಪರೀಕ್ಷೆ ಮಾಡು.”

ಪ್ಲೇಟಿಂದ ಪ್ಲೇಟಿಗೆ ದಾಟಿಸುತ್ತಲೇ ಇದ್ದರೆ ತಳಿ ಕೆಡುತ್ತದೆ: ಮೊದಲ ವರ್ಷದ ಹುಡುಗರಿಗೆ ಅವಳೇ ಹೇಳಿಕೊಡುತ್ತಿದ್ದ ಪಾಠವದು. ಸೀಸೆಯೊಳಗಿನ ಹಿಮವನ್ನು ಒಂದಿಷ್ಟು ಕೆರೆದು ಬೆಳೆಸಿದಳು. ಹಸಿರು ಬಂತು, ವಾಸನೆಯೂ ಬಂತು. ಅದರ ಮೇಲೆ ತನ್ನ ವೈರಸ್ಸುಗಳನ್ನೆಲ್ಲ ಒಂದೊಂದು ಹನಿ ಬಿಟ್ಟು, ಮನೆಗೆ ಹೋಗಿ ನಿದ್ದೆ ಬಾರದೆ ಹೊರಳಾಡಿದಳು.

ಬೆಳಗ್ಗೆ ಬಂದು ನೋಡಿದರೆ ಒಂದು ಹನಿ ಬಿದ್ದಲ್ಲಿ ಹಸಿರು ಪೂರ್ತಿ ಸತ್ತು, ಅಷ್ಟು ಜಾಗ ಗಾಜಿನಷ್ಟು ತಿಳಿಯಾಗಿತ್ತು.

“ಭಲೇ!” ಮೇಷ್ಟ್ರು ಮೇಜು ಕುಟ್ಟಿದರು. “ನಿಮ್ಮಮ್ಮ ಇದ್ದ ವಾರ್ಡಲ್ಲಿ ಈಗಲೂ ಇದೇ ತಳಿ ಜನರನ್ನ ಸಾಯಿಸ್ತಿದೆ. ಇನ್ಮೇಲೆ ಒಂದು ದಾರಿ ಸಿಕ್ತು. ಯಾವ ನೀರಿಂದಮ್ಮಾ ಇದು?”

ಅವಳು ನಂಬರು ನೋಡಿದಳು. ಮತ್ತೊಮ್ಮೆ ನೋಡಿದಳು.

“ಎಲ್ಲಕ್ಕಿಂತ ಮೊದಲು ತಂದದ್ದು ಸರ್. ವಾರ್ಡಿನ ಕೆಳಗಿನ ಮೋರೀದು.” ಅವಳು ಪ್ಲೇಟನ್ನು ಮೇಜಿನ ಮೇಲಿಟ್ಟಳು. “ಆವತ್ತು ನೀರು ತುಂಬ್ಕೊಂಡು ಮೇಲೆ ವಾರ್ಡಿಗೆ ಹೋದಾಗ, ಕೈ ತೊಳ್ಕೊಂಡು ಬಾ ಅಂತ ಅಮ್ಮ ಬೈದಿದ್ದಳು.”