ಧೂಳಿಯ ಎರಡು ಸುಳಿ

ಕಿಟಕಿಯ ಗಾಜು ಒರೆಸಲೆಂದು ಹೋದ ವಾರದ ಪತ್ರಿಕೆಯ ಹಾಳೆಯನ್ನು ನೀರಿನಲ್ಲಿ ಅದ್ದಿ ಹಿಂಡುತ್ತಿದ್ದೆ. ಹಿಂಡುವ ಕೈ ಹಾಗೇ ನಿಂತಿತು. ಮುಷ್ಟಿಯೊಳಗಿಂದ ಒಂದು ಕುದುರೆಯ ಕಣ್ಣು ನನ್ನನ್ನೇ ನೋಡುತ್ತಿತ್ತು.

ಹಾಳೆ ಬಿಡಿಸಿ ಗಾಜಿಗೇ ಅಂಟಿಸಿದೆ. ಹಣೆಯ ಮೇಲೆ ಅಕ್ಕಪಕ್ಕ ಎರಡು ಸುಳಿ. ನಮ್ಮ ಧೂಳಿ! ಕೆಳಗೆ ಮಾತ್ರ ಅವಳ ಅಣ್ಣ ಸಿಡಿಲನ ಹೆಸರು. “ರೇಸಿನ ಚರಿತ್ರೆಯನ್ನೇ ಬದಲಿಸಿದ ಗಂಡುಕುದುರೆ” ಅಂತೆ! ರೇಸ್ ಕ್ಲಬ್ಬಿನ ನೂರು ವರ್ಷದ ಪುಸ್ತಕ ಅಚ್ಚಿಗೆ ಹೋಗುತ್ತದೆ, ಹಳೆಯ ದಾಖಲೆಗಳನ್ನು ಗೆದ್ದಲು ತಿಂದಿದೆ, ತಪ್ಪಿದ್ದರೆ ತಿಳಿದವರು ಬರೆಯಿರಿ ಎಂದಿತ್ತು. ಕಾಗದ ಅಂಚೆಗೆ ಹಾಕಲು ಇವತ್ತೇ ಕೊನೆ.

ಹುಟ್ಟಿದಂದಿನಿಂದ ಆ ಎರಡರ ಮೈಯನ್ನೂ ಉಜ್ಜಿದವಳು ನಾನು. ಬಣ್ಣ ಒಂದೇ, ಧಣಿ ಒಬ್ಬನೇ. ಆದರೆ ಸಿಡಿಲನಿಗೆ ಒಂದೇ ಸುಳಿ. ದೊಡ್ಡ ಕಪ್ಪಿನ ರೇಸಿನ ದಿನ ಇಬ್ಬರೂ ಓಡಿದ್ದರು. ಗೇಟು ತೆರೆದದ್ದೇ ಸಿಡಿಲ ಸಿಡಿದ. ಅರ್ಧ ದಾರಿಗೆ ಗುಡುಗು ಮುಗಿಯಿತು. ಕೊನೆಯಲ್ಲಿದ್ದ ಧೂಳಿ ತಿರುವಿನಲ್ಲಿ ಕಿವಿ ಹಿಂದಕ್ಕೆ ಮಡಚಿದಳು. ಅವಳು ಕಿವಿ ಮಡಚಿದಳೆಂದರೆ ಮುಗಿಯಿತು! ಒಂದು ಕುದುರೆ ಹಿಂದೆ ಬಿತ್ತು, ಮೂರು ಬಿದ್ದವು, ಆರೂ ಬಿದ್ದವು! ಬೇಲಿ ಹಿಡಿದು ಕೂಗಿದ್ದಕ್ಕೆ ನನ್ನ ಗಂಟಲು ಎರಡು ದಿನ ಕಟ್ಟಿತ್ತು. “ಹೆಣ್ಣುಕುದುರೆ ದೊಡ್ಡ ಕಪ್ ಗೆಲ್ಲೋದಾ?” ಎಂದು ನಕ್ಕಿದ್ದವರೆಲ್ಲ ಅವಳ ಗೊರಸಿನ ಧೂಳು ತಿಂದರು.

ಮರುದಿನ ಪತ್ರಿಕೆಯವನೊಬ್ಬ ಗೆದ್ದದ್ದು ಸಿಡಿಲ ಎಂದು ಬರೆದ. ಆಮೇಲಿನವರೆಲ್ಲ ಅದನ್ನೇ ನಕಲು ಹೊಡೆದರು. ನನಗಾಗ ಅಕ್ಷರ ಬರುತ್ತಿರಲಿಲ್ಲ. ಲಾಯದವಳ ಬಾಯಿಮಾತಿಗೆ ಯಾರು ಕಿವಿ ಕೊಡುತ್ತಾರೆ? ರಾತ್ರಿ ಶಾಲೆಯಲ್ಲಿ ಕಲಿತ ಮೇಲೆ ಕ್ಲಬ್ಬಿಗೊಂದು ಕಾಗದ ಬರೆದೆ. ತಪ್ಪು ಕಂಡು ನಕ್ಕರೆ ಎಂದು ಅಂಜಿ ನಾಲ್ಕು ವರ್ಷ ಡಬ್ಬಿಯಲ್ಲೇ ಇಟ್ಟೆ.

“ಏನೇ, ನನ್ನ ಕಾಗದದ ಡಬ್ಬಿ ತಗೊಂಡು ಬಾ, ಬೇಗ!” ಎಂದು ಸೊಸೆಯನ್ನು ಕೂಗಿದೆ.

ಅವಳು ಡಬ್ಬಿಯಿಂದ ಕಾಗದ ತೆಗೆದು ಓದಿ ಮೊದಲ ಸಾಲಿಗೇ ಕಿಸಕ್ಕನೆ ನಕ್ಕಳು. “ಅತ್ತೆ, ‘ದೂಳಿ’ ಅಂತ ಬರ್ದಿದೀರಲ್ಲ. ಹೊಟ್ಟೆ ಸೀಳೇ ಇಲ್ಲ!”

“ಅವಳ ಹೊಟ್ಟೆ ಸೀಳೋಕೆ ಮನಸ್ಸು ಬರ್ಲಿಲ್ಲ ಕಣೇ.”

“ಅಯ್ಯೋ, ಅದು ಅಕ್ಷರ ಅತ್ತೆ! ಎಳೀರಿ ಗೀಟು. ಅಂಚೆ ವ್ಯಾನು ನಾಲ್ಕಕ್ಕೆ ಹೊರಡತ್ತೆ, ಹತ್ತೇ ನಿಮಿಷ ಇರೋದು.”

ಏಳು ಕಡೆ ‘ದ’ದ ಹೊಟ್ಟೆ ಸೀಳಿದೆ. ಒಂದು ಕಡೆ ಶಾಯಿ ಹರಡಿತು, ಹರಡಲಿ. ಕೊನೆಗೆ ಒಂದು ಸಾಲು ಸೇರಿಸಿದೆ: “ನಿಮ್ಮ ಚಿತ್ರದ ಹಣೆ ನೋಡಿ, ಸುಳಿ ಎರಡಿವೆ. ಸಿಡಿಲನ ಬೇರೆ ಯಾವ ಚಿತ್ರ ನೋಡಿದರೂ ಒಂದೇ.”

ಮಂಡಿನೋವು ಮರೆತು ಬೀದಿಗಿಳಿದೆ. ಅಂಚೆಯವನು ಚೀಲದ ಬಾಯಿ ಕಟ್ಟುತ್ತಿದ್ದ.

“ತಡಿಯಪ್ಪಾ! ಕುದುರೆ ಬರ್ತಿದೆ!”

“ಎಲ್ಲಜ್ಜಿ ಕುದುರೆ? ನೀವೊಬ್ರೇ ಓಡ್ಬರ್ತಿದೀರ!”

ನಗುತ್ತಲೇ ಗಂಟು ಬಿಚ್ಚಿದ. ಧೂಳಿಯನ್ನು ನನ್ನ ಕೈಯಾರೆ ಚೀಲದೊಳಗೆ ಬಿಟ್ಟೆ.